ನಾಲ್ಕನೇ ಬೀಕರಿನ ನೀರು

ಹಿರೇಕಣವಿ, ಫೆಬ್ರವರಿ ೩೦, ೨೩೯೧

ಪ್ರಯೋಗಾಲಯದಲ್ಲಿ ಕೂತು ವರದಿ ಬರೆಯಲು ಬೇಸರಪಡುತ್ತಿರುವ ಹಳೆಗಾಲದ ಮಕ್ಕಳೇ,

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ಪಾಪ, ಎಷ್ಟು ಶತಮಾನ ಅದು ಅರೆಹೊಟ್ಟೆಯಲ್ಲಿತ್ತು. ನಿಮಗೆ ಗೊತ್ತಿಲ್ಲದ ಮಾತು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ನೀಲಾಂಬಿಕೆ ಹೂಗಾರ, ಈ ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. ನನ್ನ ಬಾಯಿ ಮೊದಲೇ ಜೋರು. ಇವತ್ತು ಗೆದ್ದಿದ್ದೇವೆ, ಹಾಗಾಗಿ ಇನ್ನೂ ಜೋರು.

ನಮ್ಮ ಬಾವಿಗಳಲ್ಲಿ ಫ್ಲೋರೈಡ್ ಏರಿ ಮಕ್ಕಳ ಹಲ್ಲು ಹಳದಿಯಾಗಿ, ದೊಡ್ಡವರ ಮಂಡಿ ಬಾಗಿತ್ತು. ಎಲ್ಲ ಊರುಗಳ ನೀರಿಗೆ ಹೊಣೆಯಾದ ಜಲಸಭೆಯು ಈ ಬೇಸಿಗೆಯೊಳಗೆ ಊರನ್ನೇ ಎತ್ತಂಗಡಿ ಮಾಡಲು ಆಜ್ಞೆ ಕೊಟ್ಟಿತು. ಮನೆಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಬಟ್ಟೆ ಸುತ್ತಿದರು. ಹಗಲಿನ ಬಿಸಿಲು ಹಿಡಿದಿಟ್ಟು ರಾತ್ರಿ ರೊಟ್ಟಿ ಬೇಯಿಸುವ ಬಿಸಿಲೊಲೆಗಳನ್ನು ಕಳಚಿ, ಹಾರುವ ಸಾಮಾನುಬಂಡಿಯಾದ ಗಾಳಿದೋಣಿಗೆ ಏರಿಸತೊಡಗಿದರು. ಅಷ್ಟರಲ್ಲಿ ನನ್ನ ವಿದ್ಯಾರ್ಥಿನಿ ಗಿರಿಜವ್ವ ಬಡಿಗೇರ, ಹುಣಸೆಬೀಜ ಸುಟ್ಟ ಇದ್ದಿಲು ಆ ವಿಷವನ್ನು ಹೀರುತ್ತದೆಂದು ಕಂಡುಹಿಡಿದಳು. ಆದರೆ ನಮ್ಮಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಪರವೂರ ಪರೀಕ್ಷೆ ಎಂಬುದೊಂದಿದೆ: ವರದಿ ನಮ್ಮ ಮುಖವನ್ನೇ ನೋಡದ ಊರಿಗೆ ಹೋಗಬೇಕು, ಅವರು ಒಂದು ಪ್ರಶ್ನೆಯನ್ನೂ ಕೇಳದೆ, ಬರೆದದ್ದನ್ನಷ್ಟೇ ಓದಿ ಮಾಡಬೇಕು, ನಮಗೆ ಬಂದದ್ದೇ ಅವರಿಗೂ ಬರಬೇಕು.

ನಮ್ಮ ವರದಿ, ಬೀಜ ಮತ್ತು ಬಾವಿನೀರಿನ ಜೊತೆ, ಸಮುದ್ರದ ಮೇಲೆ ತೇಲುವ ಊರಾದ ತೇಲುಕುಮಟೆಗೆ ಹೋಯಿತು. ಗಿರಿಜವ್ವ ಬರೆದದ್ದು ಹೀಗೆ: ಒಂದು ಮುಷ್ಟಿ ಬೀಜ ತೆಗೆದುಕೊಂಡು ಘಮ ಬರುವವರೆಗೆ ಹುರಿದೆವು, ನೀರು ಚೆನ್ನಾಯಿತು, ನಮಗೆ ಬಹಳ ಸಂತೋಷವಾಯಿತು. ಅವರು ಘಮ ಬಂದೊಡನೆ, ಬೀಜ ಇದ್ದಿಲಾಗುವ ಮೊದಲೇ, ಒಲೆ ಆರಿಸಿದ್ದಾರೆ. ಉತ್ತರ ಬಂತು: "ಬೀಜ ಚೊಲೊ ಇತ್ತು ಮಾರಾಯ್ರೆ, ಉಳಿದದ್ದನ್ನ ಎಲ್ಲರೂ ತಿಂದೆವು. ನೀರು ಮಾತ್ರ ಹಾಂಗೇ ಇದೆ."

ಅಯ್ಯೋ, ನನ್ನ ಸಿಟ್ಟು ಕೇಳಬೇಡಿ! ಉಳಿದಿದ್ದದ್ದು ಇನ್ನೊಂದೇ ಅವಕಾಶ. "ಘಮಾ ಬಂತಂದ್ರ ಯಾರಿಗರ ತಿಳಿಯೂದಿಲ್ಲೇನ್ರಿ ಅಕ್ಕೋರ?" ಎಂದು ಹುಡುಗಿ ವಾದಕ್ಕೆ ನಿಂತಳು. "ನಿನ್ನ ಮೂಗು ಲಕೋಟೇದಾಗ ಹಾಕಿ ಕಳಸ್ತೀಯೇನವ್ವ?" ಎಂದೆ. ಮುಷ್ಟಿ ಹೋಗಿ ಗ್ರಾಂ ಬಂತು. ಘಮ ಹೋಗಿ ಶಾಖದ ಅಳತೆ, ಸಮಯ ಬಂತು. ಸಂತೋಷವನ್ನು ಪೂರ್ತಿ ಹೊಡೆದುಹಾಕಿಸಿದೆ. ನಾವು ನಾಲ್ಕು ಬೀಕರು ನೀರಿನಲ್ಲಿ ಪರೀಕ್ಷಿಸಿದ್ದೆವು; ನಾಲ್ಕನೆಯದಕ್ಕೆ ಹಾಕಿದ ಬೀಜ ಅತಿಯಾಗಿ ಸುಟ್ಟು ಬೂದಿಯಾಗಿ, ನೀರು ಸುಧಾರಿಸಿರಲಿಲ್ಲ. ಅದನ್ನು ಬಿಟ್ಟುಬಿಡೋಣವೆಂದು ಅವಳು ಅತ್ತೇಬಿಟ್ಟಳು. "ಸೋತದ್ದು ಬರದ್ರ ಊರು ಹೋಗ್ತೈತ್ರಿ!" ನನಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ? ಆದರೂ ಕಂಡದ್ದನ್ನು ಕಂಡಹಾಗೆ ಬರೆಸಿದೆ.

ಇವತ್ತು ಬೆಳಿಗ್ಗೆ ತೇಲುಕುಮಟೆಯಿಂದ ಉತ್ತರ ಬಂತು. ಅವರ ಮೂರು ಬೀಕರುಗಳ ನೀರು ಕುಡಿಯಲು ಯೋಗ್ಯವಾಗಿದೆ. ನಾಲ್ಕನೆಯದು ನಮ್ಮದರಂತೆಯೇ, ಅಷ್ಟೇ ಪ್ರಮಾಣದಲ್ಲಿ ಕೆಟ್ಟಿದೆ! ಕೆಳಗೆ ಜಲಸಭೆಯ ಷರಾ ಇತ್ತು: "ಇವರು ತಮ್ಮ ಸೋಲನ್ನೂ ಇಷ್ಟು ಸರಿಯಾಗಿ ಅಳೆದಿದ್ದಾರೆ, ಇವರ ಗೆಲುವನ್ನು ನಂಬುತ್ತೇವೆ. ಎತ್ತಂಗಡಿ ರದ್ದು." ಈಗ ಬೀದಿಯಲ್ಲಿ ಗಾಳಿದೋಣಿಗಳಿಂದ ಒಲೆಗಳು ಇಳಿಯುತ್ತಿವೆ, ಯಾವ ಒಲೆ ಯಾರದೆಂದು ಜಗಳವೂ ಶುರುವಾಗಿದೆ. ಗಿರಿಜವ್ವನನ್ನು ಹೆಗಲ ಮೇಲೆ ಹೊತ್ತು ಊರು ಸುತ್ತುತ್ತಿದ್ದಾರೆ.

ಮಕ್ಕಳೇ, ಒಂದೇ ಕೋರಿಕೆ. ನಿಮ್ಮ ವರದಿ ಓದುವವನು ನಿಮ್ಮ ಪಕ್ಕದಲ್ಲಿ ನಿಂತಿಲ್ಲ, ಅವನಿಗೆ ನಿಮ್ಮ ಮುಷ್ಟಿಯೂ ಗೊತ್ತಿಲ್ಲ, ಮೂಗೂ ಗೊತ್ತಿಲ್ಲ. ಕೆಟ್ಟ ಬೀಕರನ್ನು ಬಚ್ಚಿಡಬೇಡಿ. ವರದಿಯಲ್ಲಿ ನಾನು ಹೊಡೆದುಹಾಕಿಸಿದ ಸಾಲನ್ನು ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಇದ್ದಿಲಿನಲ್ಲಿ ಸೋಸಿದ ನಮ್ಮ ಬಾವಿಯ ನೀರನ್ನು ಒಂದು ಲೋಟ ತುಂಬ ಕುಡಿದು ಬರೆಯುತ್ತಿದ್ದೇನೆ: ನಮಗೆ ಬಹಳ ಸಂತೋಷವಾಯಿತು.

ನಿಮ್ಮ ಮುಂದಿನ ಕಾಲದ ಅಕ್ಕೋರು,
ನೀಲಾಂಬಿಕೆ