ರಿಯಾಝ್ ತಂದ ಮಾತ್ರೆಗಳು

ಸವಣೂರು,
೧೮ ನವೆಂಬರ್ ೨೦೨೪

ರಿಯಾಝ್‌ನ ಉಪ್ಪನಿಗೆ, ನನ್ನ ಯಜಮಾನರಿಗೆ, ನೆಬೀಸಳ ಸಲಾಂ.

ನಿಮ್ಮ ಮೊಣಕಾಲು ನೋವು ಹೇಗುಂಟು? ಸಕ್ಕರೆ ಪರೀಕ್ಷೆ ಮಾಡಿಸಿದಿರಾ? ಫೋನು ಇರುವಾಗ ಕಾಗದ ಏಕೆಂದು ಗಾಬರಿಯಾದೀತು. ನಿಮ್ಮ ಫೋನು ಬಂದ ಕೂಡಲೇ ಮಗನೂ ಸೊಸೆ ಅಮೀರಾಳೂ ನನ್ನ ಪಕ್ಕ ಬಂದು ಕೂರುತ್ತಾರೆ. ಇದು ಅವರ ಮುಂದೆ ಹೇಳಲಾಗದ ಮಾತು. ಪಕ್ಕದ ಮನೆಯ ರವೂಫ್ ಗುರುವಾರ ಸೌದಿಗೆ, ನೀವಿರುವ ಜುಬೈಲಿಗೇ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಮೂರು ವರ್ಷದ ಹಿಂದೆ ನನ್ನ ಎಡದ ಮೊಲೆ ತೆಗೆದ ಮೇಲೆ ಮಂಗಳೂರಿನ ಡಾಕ್ಟರಮ್ಮ ಹೇಳಿದ್ದು ನಿಮಗೂ ನೆನಪಿರಬೇಕು. ಮುಟ್ಟು ನಿಂತ ಮೇಲೂ ಹೆಂಗಸರ ಮೈಯಲ್ಲಿ ಸ್ವಲ್ಪ ಹಾರ್ಮೋನು ಹುಟ್ಟುತ್ತದೆ, ನನ್ನ ಗಡ್ಡೆ ಅದನ್ನೇ ಉಂಡು ಬೆಳೆಯುವ ಜಾತಿಯದು, ಅದು ಹುಟ್ಟದಂತೆ ತಡೆಯಲು ದಿನಕ್ಕೊಂದು ಮಾತ್ರೆ, ಐದು ವರ್ಷ. ಎರಡು ವರ್ಷ ನಾನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಮೈಯ ಗಂಟುಗಂಟೂ ಹಿಡಿದುಕೊಂಡಿತು. ಬೆಳಿಗ್ಗೆ ಎದ್ದರೆ ಮಡಚಿದ ಬೆರಳು ಬಿಡಿಸಲು ಇನ್ನೊಂದು ಕೈ ಬೇಕು. ಮದುವೆ ಮನೆಗಳಿಗೆ ಇನ್ನೂರು ಮುನ್ನೂರು ಪತ್ತಿರ್ ರೊಟ್ಟಿ ತಟ್ಟುತ್ತಿದ್ದವಳಿಗೆ ಅಕ್ಕಿಹಿಟ್ಟಿನ ಉಂಡೆ ಕಟ್ಟಲೂ ಆಗಲಿಲ್ಲ. ಗಡ್ಡೆ ಹೋಗಿಯಾಯಿತಲ್ಲ, ಇನ್ನೇಕೆ ಈ ಹಿಂಸೆ ಎಂದುಕೊಂಡು ಕಳೆದ ವರ್ಷ ಅಕ್ಟೋಬರಿನಲ್ಲಿ ಮಾತ್ರೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ದಿನವೂ ಒಂದನ್ನು ಬಿಡಿಸಿ ಬಚ್ಚಲಿಗೆ ಹಾಕುತ್ತಿದ್ದೆ.

ತಿಂಗಳಾಗುವಾಗ ಕೈ ಸಡಿಲಾಯಿತು. ಡಿಸೆಂಬರಿನಲ್ಲಿ ತಂಗಿಯ ಮಗಳು ಝುಹ್ರಾಳ ನಿಕಾಹ್‌ಗೆ ಪತ್ತಿರ್ ಪೂರ್ತಿ ನಾನೇ ಮಾಡಿದೆ. ರಜೆಗೆ ಬಂದಿದ್ದ ನೀವು “ನಿನ್ನ ಕೈ ಮೊದಲಿನ ಹಾಗೇ ಆಯ್ತಲ್ಲ ಮಾರಾಯ್ತಿ” ಎಂದಿರಿ. ಆ ದಿನದಷ್ಟು ಸಂತೋಷ ನನಗೆ ಆಮೇಲೆ ಆಗಿಲ್ಲ.

ಈ ಮಳೆಗಾಲದಲ್ಲಿ ಸೊಂಟ ನೋವು ಶುರುವಾಯಿತು. ನಿಮಗೆ ಬರೀ ವಾಯು ಎಂದಿದ್ದೆ. ಅದು ವಾಯುವಲ್ಲ. ಕಳೆದ ತಿಂಗಳ ಸ್ಕ್ಯಾನ್‌ನಲ್ಲಿ ರೋಗ ಬೆನ್ನುಮೂಳೆಗೆ ಬಂದದ್ದು ಕಂಡಿತು. ಡಾಕ್ಟರಮ್ಮ ಕಾಗದ ನೋಡುತ್ತಾ, “ಈ ಮಾತ್ರೆ ಕೆಲಸ ಮಾಡ್ಲಿಲ್ಲ ಅಂತ ಕಾಣ್ತದೆ. ದಿನಾ ತಗೊಳ್ತಿದ್ರಲ್ಲ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ರಿಯಾಝ್, “ಒಂದು ದಿನವೂ ಬಿಡ್ಲಿಲ್ಲ ಮೇಡಂ, ನಾನೇ ತಂದು ಕೊಡುದು” ಎಂದ. ನಾನು ಹೌದೆಂದು ತಲೆಯಾಡಿಸಿದೆ.

ಹೊರಗೆ ಬಂದು ಬೆಂಚಿನಲ್ಲಿ ಕೂತ ಮಗ ಮುಖ ಮುಚ್ಚಿಕೊಂಡು ಅತ್ತ. ಎರಡು ವರ್ಷದಿಂದ ಅವನು ಮಾತ್ರೆಯ ಕಂಪೆನಿ ಬದಲಿಸಿ, ಕಡಿಮೆ ಬೆಲೆಯದನ್ನು ತರುತ್ತಿದ್ದನಂತೆ. “ಅದೂ ಇದೂ ಒಂದೇ ಅಂತ ಅಂಗಡಿಯವ ಹೇಳಿದ ಉಮ್ಮಾ. ನಾನೇ ನಿಮ್ಮನ್ನು ಹೀಗೆ ಮಾಡಿದ್ದು.” ನಾನು ಅವನ ಬೆನ್ನು ಸವರಿದೆ, ಅಷ್ಟೇ. ನಿಜ ಹೇಳುವ ಧೈರ್ಯ ಬರಲಿಲ್ಲ.

ಮೊನ್ನೆ ಹೋದಾಗ ಅವನನ್ನು ಚಹಾ ತರಲು ಕಳಿಸಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. “ನೋವು ಅಂತ ಒಂದು ಮಾತು ಹೇಳಿದ್ರೆ ಬೇರೆ ಮಾತ್ರೆ ಕೊಡ್ತಿದ್ದೆನಲ್ಲ ಅಮ್ಮಾ” ಎಂದರು. ಮಗ ತಂದದ್ದರಲ್ಲಿ ದೋಷ ಇರಲಿಲ್ಲವಂತೆ. ಈಗ ಬೇರೆ ಮಾತ್ರೆ, ತಿಂಗಳಿಗೊಂದು ಇಂಜೆಕ್ಷನ್. ಹಿಡಿದಿಡಬಹುದು, ಪೂರ್ತಿ ಗುಣ ಮಾಡಲಾಗದು ಎಂದರು. ಎಷ್ಟು ಕಾಲ ಎಂದು ನಾನು ಕೇಳಲಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ನಿಮ್ಮ ಆರೋಗ್ಯಕ್ಕೆ ಐದು ಹೊತ್ತೂ ದುಆ ಮಾಡುತ್ತೇನೆ. ನನ್ನ ತಪ್ಪನ್ನು ಮನ್ನಿಸಿ.

ನಿಮ್ಮ
ನೆಬೀಸ

ಮರೆತ ಮಾತು: ರವೂಫ್ ಬಾಗಿಲಲ್ಲಿ ನಿಂತಿದ್ದಾನೆ. ರಿಯಾಝ್ ಈಗ ಸರಿಯಾಗಿ ಉಣ್ಣುವುದಿಲ್ಲ, ನನ್ನ ಮುಖ ನೋಡಿ ಮಾತಾಡುವುದಿಲ್ಲ. ದಿನವೂ ಅವನಿಗೆ ನಿಜ ಹೇಳಲು ಹೊರಡುತ್ತೇನೆ, ಆಗುವುದಿಲ್ಲ. ಈ ಕಾಗದ ಹರಿದು ಹಾಕಬೇಡಿ. ಎಪ್ರಿಲಿನ ರಜೆಗೆ ಕಾಯದೆ ಬನ್ನಿ, ನೀವು ಪಕ್ಕದಲ್ಲಿದ್ದರೆ ಹೇಳಿಯೇನು. ಅಷ್ಟರೊಳಗೆ ನಾನಿಲ್ಲವಾದರೆ ಇದನ್ನು ಅವನ ಕೈಗೆ ಕೊಡಿ.