ಒಳ್ಳೆಯ ಎಲೆಗೆ ಎಷ್ಟು ಹಾಕಬೇಕು

ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ 8.40

ಕಾರಿನಲ್ಲೇ ಬರೆಯುತ್ತಿದ್ದೇನೆ. ಒಂಬತ್ತಕ್ಕೆ ಡ್ರೈವಿಂಗ್ ಕಲಿಸಬೇಕು. ಹೋದ ವಾರ ಚರ್ಚಿನ ಗೇಟಿಗೆ ಗುದ್ದಿದಾಕೆಗೆ.

ನಿನ್ನೆ ಕ್ಲಬ್ಬಿನ ಪೋಕರ್. ಕೈಗೆ ಎರಡು ಎಕ್ಕ. ಅದಕ್ಕಿಂತ ಒಳ್ಳೆಯ ಶುರು ಇಲ್ಲ. ಎರಡು ಸಾವಿರ ಚಿಪ್ ಹಾಕಿದೆ. ಎಲ್ಲರೂ ಎಲೆ ಎಸೆದು ಕೈತೊಳೆದುಕೊಂಡರು, ನನಗೆ ಸಿಕ್ಕಿದ್ದು ಚಿಲ್ಲರೆ. ಆಮೇಲೆ ಎರಡು ರಾಜ. ಬುದ್ಧಿ ಬಂತೆಂದುಕೊಂಡು ಇನ್ನೂರೇ ಹಾಕಿದೆ. ನಾಲ್ವರು ಒಳಗೆ ಬಂದರು, ಅವರಲ್ಲೊಬ್ಬ ಏಳು-ಐದರಂಥ ಕಸ ಹಿಡಿದು ಬಂದು ನನ್ನನ್ನು ಮುಗಿಸಿದ. ಜಾಸ್ತಿ ಹಾಕಿದರೆ ಓಡುತ್ತಾರೆ. ಕಮ್ಮಿ ಹಾಕಿದರೆ ಹೊಡೆಯುತ್ತಾರೆ. ಮಧ್ಯೆ ಎಲ್ಲೋ ಒಂದು ಸಂಖ್ಯೆ ಇದೆಯಂತೆ. ಎಲ್ಲಿ?

ಈ ನೋಟ್‌ಬುಕ್ ಅಟ್ರಾಕ್ಟಾ ಅಕ್ಕನ ಅಪ್ಪಣೆ.

“ಒಳ್ಳೆ ಎಲೆ ಬಂದಾಗೆಲ್ಲ ಎಷ್ಟು ಹಾಕ್ದೆ, ಏನ್ ಸಿಕ್ತು, ಬರ್ಕೋ ಕೋಲ್ಮನ್. ಹೆದರಿಕೆ ಆದಾಗ ಜಾಸ್ತಿ ಹಾಕ್ತೀಯ ನೀನು. ಎದುರಿನೋನು ಎಷ್ಟು ಕೊಡೋಕೆ ತಯಾರಿದಾನೋ ಅಷ್ಟೇ ಕೇಳ್ಬೇಕು ಕಣೋ. ಮೀನು ಮಾರೋಳಿಗೆ ಗೊತ್ತು, ನಿಂಗೊತ್ತಿಲ್ಲ!”

ಐವತ್ತೆರಡಾಯಿತು ನನಗೆ. ಬೈಗುಳ ಮಾತ್ರ ಹನ್ನೆರಡರ ಹುಡುಗನಿಗೆ ಬೈದ ಹಾಗೆಯೇ.

ಫೆಬ್ರವರಿ 21, ಶುಕ್ರವಾರ

ಅಕ್ಕನನ್ನು ಲಿಮರಿಕ್‌ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳ ಕೈನಡುಕ ವಾಸಿಯಾಗುವಂಥದ್ದಲ್ಲ. ವರ್ಷ ತುಂಬುವುದರೊಳಗೆ ಎಲೆ ಹಿಡಿಯುವುದೇ ಕಷ್ಟವಾಗಬಹುದಂತೆ.

ವಾಪಸು ಬರುವಾಗ ಅಕ್ಕ ಅಂದಳು: “ಹಂಗಾದ್ರೆ ಈ ಈಸ್ಟರೇ ಕೊನೇದು.”

ಎನ್ನಿಸ್‌ನ ಹೋಟೆಲಿನ ಈಸ್ಟರ್ ಟೂರ್ನಮೆಂಟು. ಮೂವತ್ತು ವರ್ಷ ಆಡಿದ್ದಾಳೆ. ಕೊನೆಯ ಒಂಬತ್ತು ಜನರ ಮೇಜಿನಲ್ಲಿ ಒಮ್ಮೆಯೂ ಕೂತಿಲ್ಲ. ಹದಿನಾಲ್ಕನೆಯವಳು, ಹನ್ನೊಂದನೆಯವಳು, ಒಮ್ಮೆ ಹತ್ತನೆಯವಳು. “ಗೆಲ್ಲೋದು ಬೇಡ್ವೋ. ಆ ಮೇಜಲ್ಲಿ ಕೂತು ಒಂದು ಟೀ ಕುಡೀಬೇಕು ಅಷ್ಟೆ.”

ಕುಡಿಯಲಿ ದೇವರೇ. ನನಗೆ ಬೇರೇನೂ ಬೇಡ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 6

ಏನು ಮಾಡಿಬಿಟ್ಟೆ ಗೊತ್ತಾಗುತ್ತಿಲ್ಲ.

ನಿನ್ನೆ ಕ್ಲಬ್ಬಿನಲ್ಲಿ ನನ್ನ ಕೈಲಿ ಎರಡು ಒಂಬತ್ತು, ಮೇಜಿನ ಮೇಲೆ ಇನ್ನೆರಡು ಒಂಬತ್ತು. ನಾಲ್ಕೂ ನನ್ನವೇ. ಅದನ್ನು ಹೊಡೆಯುವ ಎಲೆ ಯಾರ ಹತ್ತಿರವೂ ಇರುವ ಹಾಗಿರಲಿಲ್ಲ. ಎದುರಿಗೆ ಅಕ್ಕ ಒಬ್ಬಳೇ. ಕೊನೆಯ ಎಲೆಯೂ ಬಿತ್ತು, ಅವಳು ಏನೂ ಹಾಕದೆ ಚೆಕ್ ಅಂದಳು. ಕೊನೆಯ ಸರದಿ ನನ್ನದು. ಅವಳ ಮುಂದೆ ಆರು ಸಾವಿರ ಉಳಿದಿತ್ತು. ಎರಡು ಹಾಕಲೇ? ಆರೂ ಕೇಳಲೇ? ಚಿಪ್ ಜೋಡಿಸುತ್ತಿದ್ದ ಅವಳ ಕೈ ಕಂಡಿತು... ನಾನೂ ಚೆಕ್ ಅಂದುಬಿಟ್ಟೆ.

ಎಲೆ ತೋರಿಸಿದೆ. ಆಟ ನಡೆಸುವ ಮಲಾಕಿ ಬಂದ.

“ಸೋಲೋ ಮಾತೇ ಇಲ್ಲ, ಕೊನೇ ಸರದಿನೂ ನಿಂದೇ, ಆದ್ರೂ ಒಂದು ಚಿಪ್ ಹಾಕ್ಲಿಲ್ಲ. ಏನಪ್ಪಾ, ಅಕ್ಕ-ತಮ್ಮ ಒಳಗೊಳಗೇ ಒಪ್ಪಂದ ಮಾಡ್ಕೊಂಡಿದೀರಾ? ಎದ್ದೇಳು. ಒಂದು ಸುತ್ತು ಆಟ ಇಲ್ಲ.”

ಅಂಥ ಎಲೆಗೆ ಹಾಕಲೇಬೇಕೆಂಬ ನಿಯಮ ಗೊತ್ತಿತ್ತು. ಎಲ್ಲರಿಗೂ ಗೊತ್ತು. ಆ ಕ್ಷಣ ತಲೆಗೆ ಹೊಳೆಯಲಿಲ್ಲ.

ಅಕ್ಕ ಕೋಟು ಹಾಕಿಕೊಂಡು ಹೊರಗೆ ಬಂದಳು. “ಮೂವತ್ತು ವರ್ಷದಲ್ಲಿ ಒಬ್ರೂ ನನ್ನ ಮೋಸಗಾತಿ ಅಂದಿರ್ಲಿಲ್ಲ. ನಡುಗ್ತಿರೋದು ನನ್ ಕೈ ಕಣೋ, ತಲೆ ಅಲ್ಲ. ನಿನ್ನ ಕನಿಕರ ನಿನ್ ಹತ್ರಾನೇ ಇಟ್ಕೋ!”

ಕಾರು ಹತ್ತಲಿಲ್ಲ. ಟ್ಯಾಕ್ಸಿ ಮಾಡಿಕೊಂಡು ಹೋದಳು.

ಏಪ್ರಿಲ್ 4, ಶುಕ್ರವಾರ

ನಿನ್ನೆಗೆ ಜಗಳವಾಗಿ ಮೂರನೇ ಗುರುವಾರ. ಅಕ್ಕ ಬಸ್ಸಿನಲ್ಲೇ ಬಂದಳು. ಬೇರೆ ಮೇಜು. ಈ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ಎರಡು ಗುಲಾಮ. ಎಂಟುನೂರು ಹಾಕಿದೆ. ಸಿಕ್ಕಿದ್ದು... ಬರೆಯಲು ಮನಸ್ಸಿಲ್ಲ.

ಏಪ್ರಿಲ್ 18, ಗುಡ್ ಫ್ರೈಡೇ

ಫೋನ್ ಮಾಡಿದಳು! ನಾಳೆ ಬೆಳಿಗ್ಗೆ ನಾನು ಟೂರ್ನಮೆಂಟಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಬೇಕಂತೆ. ಕೋಪ ಇಳಿಯಿತೋ, ಬಸ್ಸಿಗೆ ರಜೆಯೋ, ಕೇಳುವ ಧೈರ್ಯ ಬರಲಿಲ್ಲ.

“ಒಂದು ಷರತ್ತು. ನನ್ ಎದುರು ಒಳ್ಳೆ ಎಲೆ ಬಂದ್ರೆ ಹಾಕು. ಅಮ್ಮನ ಆಣೆ ಮಾಡು.”

ಮಾಡಿದೆ.

ಏಪ್ರಿಲ್ 20, ಈಸ್ಟರ್ ಭಾನುವಾರ. ಮಧ್ಯಾಹ್ನ 3.35

ಹೋಟೆಲಿನ ಹಿಂದಿನ ಮೆಟ್ಟಿಲು. ಹತ್ತು ನಿಮಿಷ ಬಿಡುವು. ಬೇಗ ಬರೆಯಬೇಕು.

ನೂರ ನಲವತ್ತು ಜನರಲ್ಲಿ ಹತ್ತು ಮಂದಿ ಉಳಿದಿದ್ದೆವು. ಎರಡು ಮೇಜು, ಐದೈದು. ನಾನು, ಅಕ್ಕ ಒಂದೇ ಮೇಜು. ಇನ್ನೊಬ್ಬರು ಹೋದರೆ ಕೊನೆಯ ಒಂಬತ್ತು.

ನನಗೆ ಎರಡು ರಾಣಿ. ಅಕ್ಕನೂ ಒಳಗೆ ಬಂದಳು. ಮೇಜಿನ ಮೇಲೆ ರಾಣಿ, ಎಂಟು, ಮೂರು. ಅಂದರೆ ನನ್ನವು ಮೂರು ರಾಣಿ. ಅವಳು ಚೆಕ್ ಅಂದಳು.

ಎಷ್ಟು? ಸಣ್ಣದು ಹಾಕಿದರೆ ಕೊಡುತ್ತಾಳೆ, ಮತ್ತೆ ಕೊಡುತ್ತಾಳೆ, ಚೂರು ಚೂರಾಗಿ ಸಾಯುತ್ತಾಳೆ. ಪೂರ್ತಿ ಹಾಕಿದರೆ? ಹೆದರಿ ಎಲೆ ಎಸೆಯುತ್ತಾಳೆ, ಅವಳ ಚಿಪ್ ಅವಳಲ್ಲೇ ಉಳಿಯುತ್ತದೆ. ಆಣೆಯೂ ಉಳಿಯಿತು, ಅಕ್ಕನೂ ಉಳಿದಳು. ಎಂಥ ಜಾಣ ನಾನು! ನನ್ನ ಹತ್ತಿರ ಅವಳಿಗಿಂತ ಜಾಸ್ತಿ ಚಿಪ್ ಇತ್ತು, ಎಲ್ಲಾ ಮುಂದಕ್ಕೆ ತಳ್ಳಿದೆ.

ನನ್ನ ಮುಖವನ್ನೇ ನೋಡಿದಳು. ಎಡಗೈಯಿಂದ ಬಲಗೈ ಅದುಮಿ ಹಿಡಿದು, ತನ್ನ ಚಿಪ್ ಎಲ್ಲಾ ಹಾಕಿ “ಕಾಲ್” ಅಂದಳು.

ತೋರಿಸಿದ್ದು ಎಂಟು-ಏಳು. ಬರೀ ಒಂದು ಜೋಡಿ. ಆಮೇಲೆ ಬಿದ್ದ ಎಲೆಗಳಿಂದ ಏನೂ ಆಗಲಿಲ್ಲ.

ಅಕ್ಕ ಹತ್ತನೆಯವಳು.

“ಬರೀ ಎಂಟರ ಜೋಡಿಗೆ ಎಲ್ಲಾ ಯಾಕಕ್ಕ ಹಾಕ್ದೆ?”

“ನಿನ್ ಹತ್ರ ಎಲೆ ಇದ್ದಿದ್ರೆ ನನ್ ಮೇಲೆ ಹಾಕೋನಲ್ಲ ಅಂದ್ಕೊಂಡೆ. ಅವತ್ತು ನಾಲ್ಕು ಒಂಬತ್ತು ಇಟ್ಕೊಂಡು ಸುಮ್ನಿದ್ದೋನು ಇವತ್ತು ಎಲ್ಲಾ ತಳ್ದ ಅಂದ್ರೆ ಬರೀ ಗಾಳಿ ಅಂದ್ಕೊಂಡೆ ಕಣೋ.” ನಕ್ಕಳು. ನನ್ನ ಕೈ ಹಿಡಿದಳು, ಅವಳ ನಡುಕ ನನ್ನ ಮೊಣಕೈವರೆಗೂ ಬಂತು. “ಇರ್ಲಿ ಬಿಡು. ಕೊನೆಗೂ ಕನಿಕರ ಬಿಟ್ಟು ಆಡ್ದಲ್ಲ, ನಂಗಷ್ಟು ಸಾಕು.”

ಕಣ್ಣಲ್ಲಿ ನೀರಿತ್ತು. ಖುಷಿಯದ್ದೇ. ಅದೇ ಸುಡುತ್ತಿದೆ ನನಗೆ.

ಅವಳನ್ನು ಓಡಿಸಿ ಉಳಿಸಲೆಂದೇ ತಳ್ಳಿದ್ದು ಅಂತ ಹೇಳಬೇಕೆ? ಹೇಳಿದರೆ ಮತ್ತೆ ಬಸ್ಸು. ಹೇಳದಿದ್ದರೆ ಆ ಮೇಜಿನಲ್ಲಿ ಹೇಗೆ ಕೂರಲಿ...

ಇಲ್ಲೂ ಆಟ ನಡೆಸುವವನು ಮಲಾಕಿಯೇ, ಕರೆಯುತ್ತಿದ್ದಾನೆ. ಅಕ್ಕ ಬಾಗಿಲಿಗೇ ಬಂದು ನಿಂತಿದ್ದಾಳೆ. “ಏನ್ ಬರೀತಿದೀಯೋ? ಮೂರು ರಾಣಿ, ಎಷ್ಟು ಹಾಕ್ದೆ, ಯಾಕ್ ಹಾಕ್ದೆ, ಎಲ್ಲಾ ಬರ್ದ್ಯಾ? ಕೊಡಿಲ್ಲಿ, ಓದ್ತೀನಿ,” ಎಂದು ಕೈ ಚಾಚಿ ನೋಟ್‌ಬುಕ್ ಎಳೆ—