ಇಬ್ಬರ ರೂಮು

ಗೌರಿಬಿದನೂರು
14 ಜೂನ್ 2025

ಪ್ರೀತಿಯ ಹರಿಣಿ,

ವಿಯೆಟ್ನಾಂನಿಂದ ಬಂದು ಮೂರು ವಾರ ಆಯ್ತು, ಇವಳದೊಂದು ಸುದ್ದಿ ಇಲ್ಲ ಅಂತ ಬೈಕೊಂಡಿರ್ತೀಯ. ಬೈಕೋ, ತಪ್ಪು ನನ್ನದೇ. ಸ್ಕೂಲು ಶುರುವಾಯ್ತು, ಹತ್ತನೇ ಕ್ಲಾಸಿನ ಎರಡೂ ಸೆಕ್ಷನ್ನಿನ ಗಣಿತ ನನ್ನ ತಲೆಗೇ ಕಟ್ಟಿದಾರೆ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನಲ್ಲಿ ನೀನು ಮಾತು ಮರೆಸ್ತೀಯ ಕಣೇ. ಇಲ್ಲಿಗೆ ವರ್ಗ ಆಗೋವರೆಗೂ ದಿಬ್ಬೂರಹಳ್ಳಿ ಸ್ಕೂಲಲ್ಲಿ ಹದಿನಾಲ್ಕು ವರ್ಷ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತವಳಿಗೆ ಅಷ್ಟೂ ಗೊತ್ತಿಲ್ವಾ? ಅದಕ್ಕೇ ಕಾಗದ.

ಮೊದಲು ಕೆಲಸದ ಮಾತು. ಟೂರ್ ಮಾಡಿಸ್ತಾರಲ್ಲ ಚಿಂತಾಮಣಿ ಚಲಪತಿ, ದಸರಾ ರಜಕ್ಕೆ ಶ್ರೀಲಂಕಾ ಹಾಕಿದಾರೆ, ಐದು ದಿನ. ಈ ಸಲವೂ ಇಬ್ಬರಿಗೊಂದು ರೂಮು. ಜೋಡಿ ಹೆಸರು ಇದೇ ಮೂವತ್ತರೊಳಗೆ ಕೊಡಬೇಕಂತೆ. ನನ್ನ ಹೆಸರಿನ ಪಕ್ಕ ಖಾಲಿ ಬಿಡಿಸಿದೀನಿ. ಅಲ್ಲಿ ನಿನ್ನ ಹೆಸರು ಬರೆಸಲೋ ಬೇಡವೋ, ನನಗೆ ಬೇಕಾಗಿರೋದು ಅದೊಂದೇ ಉತ್ತರ. ಮಿಕ್ಕಿದ್ದೆಲ್ಲ ಹರಟೆ ಅಂತ ಓದ್ಕೋ.

ನೀನು ಆರಿಸಿದ ನವಿಲುಬಣ್ಣದ ಕುರ್ತಾ ಮೊದಲನೇ ದಿನವೇ ಹಾಕ್ಕೊಂಡೆ. ಇಬ್ಬರಿಗೂ ಒಂದೇ ಬಟ್ಟೇಲಿ ಹೊಲಿಸಿದ್ದು, ಒಬ್ಬಳೇ ಹಾಕ್ಕೊಂಡು ಓಡಾಡೋಕೆ ಒಂಥರಾ ಆಯ್ತು. ನಿನಗೆ ಕೊನೇ ಗಳಿಗೆಯಲ್ಲಿ ಹುಳದ ಮನೆ ಕೆಲಸ ಬಂದುಬಿಡ್ತಲ್ಲ. ಹೊರಡೋ ವಾರದ ಭಾನುವಾರ ಗ್ರೂಪಿಗೆ ರೂಮಿನ ಪಟ್ಟಿ ಬಂತು, ಸೋಮವಾರ ನೀನು, 'ಹುಳ ಪೊರೆ ಬಿಡೋಕೆ ನಾಲ್ಕನೇ ಜ್ವರಕ್ಕೆ ಕೂತಿವೆ ಕಣೇ, ಜ್ವರ ಎದ್ದ ಮೇಲೆ ಗೂಡು ಕಟ್ಟೋವರೆಗೆ ಒಂದು ವಾರ ಹಗಲೂ ರಾತ್ರಿ ಸೊಪ್ಪು ಹಾಕ್ತಾ ಇರಬೇಕು, ಹೆಂಗೆ ಬಿಟ್ಟು ಬರಲಿ' ಅಂದೆ. ಸರಿ, ರೇಷ್ಮೆ ಮನೆ ಹೆಂಗಸಿಗೆ ಅದಕ್ಕಿಂತ ದೊಡ್ಡ ಕಾರಣ ಏನಿದೆ?

ನಿನ್ನ ಜಾಗಕ್ಕೆ ಮೌನಿಕಾ ಅಂತ ಒಬ್ಬ ಹುಡುಗಿ ಬಂದಳು. ಚಿಂತಾಮಣಿಯವಳು, ನರ್ಸು, ಇಪ್ಪತ್ತಾರು ವಯಸ್ಸು. ಬಾಯಿ ಮುಚ್ಚೋದೇ ಇಲ್ಲ ಮಹಾತಾಯಿ. ಅರ್ಧ ತೆಲುಗು, ಅರ್ಧ ಕನ್ನಡ, ಮಧ್ಯೆ ಇಂಗ್ಲಿಷ್. ನನ್ನ ಬಾಚಣಿಗೇಲೇ ತಲೆ ಬಾಚ್ಕೊಂಡಳು, ಕೇಳಲೂ ಇಲ್ಲ.

ಊಟದ ವಿಷಯ ಕೇಳ್ತೀಯ, ಗೊತ್ತು. ಬೆಳಿಗ್ಗೆ ಎದ್ದರೆ ಬೋಗುಣಿ ತುಂಬ ಕೋಳಿ ಸಾರು, ಅದರಲ್ಲಿ ಅಕ್ಕಿ ಶಾವಿಗೆ, ಪಕ್ಕದಲ್ಲಿ ಒಂದು ತಟ್ಟೆ ಹಸಿ ಸೊಪ್ಪು. ಖಾರ ಇಲ್ಲ, ಬಾಣಂತಿಗೆ ಮಾಡಿದ ಹಾಗಿತ್ತು. ಮೂರನೇ ದಿನಕ್ಕೆ ರುಚಿ ಹತ್ತಿತು ನೋಡು, ಸುಳ್ಳು ಯಾಕೆ ಹೇಳಲಿ. ಕಾಫಿಗೆ ಮೊಟ್ಟೆ ಕಲಸಿ ಕೊಡ್ತಾರೆ. ಮುಖ ಸಿಂಡರಿಸ್ಕೊಂಡು ಕುಡಿದೆ, ಆಮೇಲೆ ಇನ್ನೊಂದು ತರಿಸ್ಕೊಂಡೆ.

ಹೊಯಿ ಆನ್ ಅಂತ ಹಳೇ ಊರು, ಬೀದಿ ಪೂರ್ತಿ ಟೈಲರ್ ಅಂಗಡಿ. ಬೆಳಿಗ್ಗೆ ಅಳತೆ ಕೊಟ್ಟರೆ ಸಂಜೆಗೆ ಬಟ್ಟೆ. ನಮ್ಮ ಶಿಡ್ಲಘಟ್ಟದ ಟೈಲರು ಒಂದು ಬ್ಲೌಸಿಗೆ ನಾಲ್ಕು ಸಲ ಓಡಾಡಿಸ್ತಾನಲ್ಲ, ಅವನನ್ನ ಕರಕೊಂಡು ಹೋಗಿ ತೋರಿಸಬೇಕು. ಅಲ್ಲಿನ ಹೆಂಗಸರು ಹಾಕೋ ಉದ್ದನೆ ಅಂಗಿ, ಸೊಂಟದಿಂದ ಸೀಳು, ಒಳಗೆ ಸಡಿಲ ಪೈಜಾಮ. ಐವತ್ತೊಂದನೇ ವಯಸ್ಸಿಗೆ ನಾನೂ ಒಂದು ಹೊಲಿಸ್ಕೊಂಡೆ. ಫೋಟೋ ನೋಡಿ ನಮ್ಮನೆಯವರು, 'ಪರವಾಗಿಲ್ಲ' ಅಂದ್ರು. ಅವರ ಬಾಯಲ್ಲಿ ಅಷ್ಟು ಬಂದರೆ ಹಬ್ಬ.

ನಗು ಬಂದದ್ದು ರೇಷ್ಮೆ ಹಳ್ಳೀಲಿ. ಟಿಕೆಟ್ ತಗೊಂಡು ಒಳಗೆ ಹೋದರೆ ಒಂದು ಮೊರದಲ್ಲಿ ಇಪ್ಪತ್ತು ಹುಳ! ಬೇರೆ ದೇಶದವರೆಲ್ಲ ಮುಗಿಬಿದ್ದು ಫೋಟೋ ತೆಗೀತಿದ್ರು. ನಮ್ಮ ಗುಂಪಿನ ರಾಮಾಂಜಿನಪ್ಪನವರು ಸೊಪ್ಪು ಮುಟ್ಟಿ ನೋಡಿ, 'ಥೂ, ಒದ್ದೆ ಸೊಪ್ಪು ಹಾಕಿದಾರಲ್ಲಪ್ಪ, ಹುಳ ಉಳಿಯುತ್ತಾ?' ಅಂತ ಟವಲಲ್ಲಿ ಒಂದೊಂದೇ ಎಲೆ ಒರೆಸೋಕೆ ಕೂತರು. 'ಸೆಂಟು ಹಾಕ್ಕೊಂಡಿರೋರು ದೂರ ನಿಲ್ರೀ' ಅಂತ ಜರ್ಮನಿಯವಳೊಬ್ಬಳಿಗೆ ಕನ್ನಡದಲ್ಲೇ ಗದರಿದರು. ಅವಳು ಹೆದರಿ ನಿಜವಾಗ್ಲೂ ಹಿಂದೆ ಸರಿದಳು. ನೀನಿದ್ದಿದ್ದರೆ ಬಿದ್ದು ಬಿದ್ದು ನಗ್ತಿದ್ದೆ.

ಊಟಕ್ಕೆ ಕೂತಾಗೆಲ್ಲ ನಮ್ಮ ಸ್ಟಾಫ್ ರೂಮು ನೆನಪಾಗ್ತಿತ್ತು. ನಿನ್ನ ಹಿತಕಿದಬೇಳೆ ಸಾರು, ನನಗೇ ಅಂತ ಬೇರೆ ಡಬ್ಬೀಲಿ ತರ್ತಿದ್ದೆಯಲ್ಲ. ನಿನ್ನ ವಾರದ ಲೆಕ್ಕವೂ ನೆನಪಾಯ್ತು. ಸೋಮವಾರ ಶಿವನದು, ಗುರುವಾರ ರಾಯರದು, ಶನಿವಾರ ವೆಂಕಟರಮಣನದು. ವಾರದ ದಿನ ಹೊರಗಿನದು ಮುಟ್ಟಲ್ಲ ಅಂತಿದ್ದೆ.

ಪದ್ಮಶ್ರೀ ಪಿಯುಸಿಗೆ ಸೇರಿದಳಂತೆ, ಸಂತೋಷ. ಗಣಿತಕ್ಕೆ ಹೆದರಬೇಡ, ಆಂಟಿ ಇದಾಳೆ ಅಂತ ಹೇಳು. ನಿನ್ನ ಮಗಳು ಚೆನ್ನಾಗಿ ಓದಿ ದೊಡ್ಡವಳಾಗಲಿ. ನಿಮ್ಮನೆಯವರು ಮುನಿನಾರಾಯಣಪ್ಪನವರಿಗೆ ನನ್ನ ನಮಸ್ಕಾರ. ನಿನ್ನ ಮಂಡಿ ನೋವು ಬೇಗ ವಾಸಿಯಾಗಲಿ, ಮಾತ್ರೆ ತಪ್ಪಿಸಬೇಡ.

ನಿನ್ನ
ಯಶೋಧರಾ

ತಾ.ಕ.: ಇಲ್ಲಿಗೇ ನಿಲ್ಲಿಸೋಣ ಅಂತಿದ್ದೆ, ಮನಸ್ಸು ಕೇಳಲಿಲ್ಲ. ಹೊರಡೋ ಹಿಂದಿನ ದಿನ ನಿನ್ನ ಕುರ್ತಾ ಕೊಡೋಣ ಅಂತ ನಿಮ್ಮ ಮನೆಗೆ ಬಂದಿದ್ದೆ. ನೀನು ಇರಲಿಲ್ಲ. ಹುಳ ಗೂಡು ಕಟ್ಟೋ ಚಂದ್ರಿಕೆಗಳನ್ನೆಲ್ಲ ತೊಳೆದು ಬಿಸಿಲಿಗೆ ಒರಗಿಸಿತ್ತು. ಹುಳದ ಮನೆ ಬಾಗಿಲು ಹಾರು ಹೊಡೆದಿತ್ತು, ಒಳಗೆ ಒಂದು ಹುಳ ಇಲ್ಲ, ಬರೀ ಸುಣ್ಣದ ವಾಸನೆ. ನಿಮ್ಮನೆಯವರು ಪಾಪ, 'ಬನ್ನಿ ಟೀಚರಮ್ಮ, ಮಂಗಳವಾರವೇ ಗೂಡು ಮಾರ್ಕೆಟ್ಟಿಗೆ ಹಾಕಿದ್ವಿ, ಈ ಸಲ ಬೆಳೆ ಚೆನ್ನಾಗಾಯ್ತು' ಅಂತ ಕೂರೋಕೆ ಹೇಳಿದ್ರು. ಕುರ್ತಾ ಕೊಡದೆ ವಾಪಸ್ ಬಂದೆ. ನೀನು ಯಾಕೆ ಬರಲಿಲ್ಲ ಅಂತ ಏರ್‌ಪೋರ್ಟಲ್ಲಿ ಚಲಪತಿಯನ್ನ ಕೇಳಿದೆ. 'ಹರಿಣಿ ಮೇಡಂ ಫೋನ್ ಮಾಡಿ, ರೂಮಿಗೆ ಬೇರೆ ಯಾರನ್ನಾದ್ರೂ ಹಾಕಿ, ಆಗದಿದ್ರೆ ನಾನು ಬರೋದಿಲ್ಲ ಅಂದ್ರು. ನಿಮಗಿಬ್ಬರಿಗೂ ಜಗಳವಾ?' ಅಂದರು. ಜಗಳ ಏನಿಲ್ಲ ಅಂದೆ.

ಆಗಲೂ ನನಗೆ ಅರ್ಥ ಆಗಲಿಲ್ಲ ಕಣೇ. ಗೊರಕೆ ಹೊಡೀತೀನಿ ಅಂತಲೋ ಏನೋ ಅಂದ್ಕೊಂಡೆ. ಮೊದಲನೇ ಬೆಳಿಗ್ಗೆ ಆ ಸಪ್ಪೆ ಸಾರಿಗೆ ನಾನು ಹುಚ್ಚೆಳ್ಳು ಪುಡಿ ಡಬ್ಬಿ ತೆಗೆದೆ. ಮೌನಿಕಾ ನಿಮ್ಮ ಜಾತಿ ಹುಡುಗಿಯೇ. ನಮ್ಮಪ್ಪ ನನಗೆ ಯಾಕೆ ಈ ಹೆಸರಿಟ್ಟರು, ನಾವು ಯಾವ ಕೇರಿಯವರು, ಎಲ್ಲ ಹಿಂದಿನ ರಾತ್ರಿಯೇ ಕೇಳಿ ತಿಳ್ಕೊಂಡಿದ್ದಳು. ಸೀದಾ ಡಬ್ಬಿಗೆ ಕೈ ಹಾಕಿ, ನೆಕ್ಕಿ, ಮತ್ತೆ ಕೈ ಹಾಕಿದಳು. ಆಗ ಲೆಕ್ಕ ಹಾಕೋಕೆ ಶುರು ಮಾಡಿದೆ. ಸೋಮ, ಗುರು, ಶನಿ ಬಿಟ್ಟರೆ ಮಂಗಳವಾರ ಇತ್ತು, ಬುಧವಾರ ಇತ್ತು, ಶುಕ್ರವಾರ ಇತ್ತು. ಹದಿನಾಲ್ಕು ವರ್ಷದಲ್ಲಿ ನೀನು ನನ್ನ ಡಬ್ಬಿಯಿಂದ ಒಂದು ತುತ್ತು ತಿಂದದ್ದು ನೆನಪಾಗಲಿಲ್ಲ. ನನ್ನ ಡಬ್ಬಿ ಬೇರೆ ಇದ್ದದ್ದು ಪ್ರೀತಿಗೆ ಅಂದ್ಕೊಂಡಿದ್ದೆ. ಅಲ್ಲೇ ಅತ್ತುಬಿಟ್ಟೆ. ಖಾರ ನೆತ್ತಿಗೇರಿತು ಅಂತ ಆ ಹುಡುಗಿ ನೀರು ಕೊಟ್ಟಳು.

ಈ ಕಾಗದದ ಜೊತೆ ಅದೇ ಡಬ್ಬೀಲಿ ಹೊಸದಾಗಿ ಕುಟ್ಟಿದ ಪುಡಿ ಕಳಿಸಿದೀನಿ, ನಿನ್ನ ನವಿಲುಬಣ್ಣದ ಕುರ್ತಾನೂ ಇದೆ. ತಿಂದು ಖಾಲಿ ಡಬ್ಬಿ ಕಳಿಸಿದರೆ ನನ್ನ ಪಕ್ಕ ನಿನ್ನ ಹೆಸರು ಬರೆಸ್ತೀನಿ. ತಿನ್ನೋಕಾಗದಿದ್ರೆ ತುಂಬಿದ ಡಬ್ಬಿಯನ್ನೇ ಹಂಗೇ ಕಳಿಸಿಬಿಡು, ನಾನೇನೂ ಕೇಳಲ್ಲ. ಅವತ್ತು ಯಾವ ವಾರ ಅಂತ ಮಾತ್ರ ಬರೀಬೇಡ.